ಕೆಂಪು ಕಿವಿರು

ಅಪ್ಪನಿಗೆ ಲಘು ಹೃದಯಾಘಾತವಾದ ಮೇಲೆ ವೈದ್ಯರು ಹೇಳಿದ್ದು ನಡಿಗೆ ಮತ್ತು ಉಪ್ಪು ಕಡಿಮೆ ಊಟ. ಗಾಜಿನ ತೊಟ್ಟಿ ಅಪ್ಪನದೇ ಆಲೋಚನೆ. ಕಾರವಾರದಿಂದ ನಾಲ್ಕು ಗೋಲ್ಡ್‌ಫಿಶ್ ತಂದು ಅಂಕೋಲೆಯ ಮನೆಯ ಜಗಲಿಯಲ್ಲಿಟ್ಟು, ದಿನವಿಡೀ ಅವುಗಳ ಮುಂದೆ ಕೂರುತ್ತಿದ್ದರು. ಧಾರವಾಡದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬರುವಷ್ಟರಲ್ಲಿ ಮೂರು ಸತ್ತಿದ್ದವು. ಉಳಿದದ್ದು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿತ್ತು. ಅಪ್ಪ ಅದನ್ನೇ ನೋಡುತ್ತ ಊಟ ಅರ್ಧಕ್ಕೆ ಬಿಡುತ್ತಿದ್ದರು.

ಅಪ್ಪನ ಆರೈಕೆಗೆಂದು ಕಾರವಾರದಿಂದ ಬಂದಿದ್ದ ಅವರ ಅಕ್ಕ, ನನ್ನ ಅತ್ತೆ, ಮೀನಿನ ಉಸ್ತುವಾರಿಯನ್ನೂ ವಹಿಸಿಕೊಂಡಿದ್ದರು. ಬೈತಖೋಲ ಬಂದರಿನ ಮೀನುಪೇಟೆಯಲ್ಲಿ ಅವರಿಗೆ ಹಳೆಯ ಮೀನು ದಾಟಿಸಿದವರಿಲ್ಲ. ನಾನು ಚೀಲ ಇಳಿಸುವ ಮೊದಲೇ ಮೀನನ್ನು ಹಿಡಿದೆತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿದರು.

"ನೋಡೇ, ಕುಂಕುಮದ ಹಾಂಗೆ ಕೆಂಪಗದೆ. ಇದಕ್ಕೆ ಎಂತ ರೋಗ?"

"ಅತ್ತೆ, ಮೊದ್ಲು ನೀರಿಗೆ ಬಿಡು."

"ಬಿಡ್ತೆ ಮಾರಾಯ್ತಿ. ನಲವತ್ತು ವರ್ಷ ಮೀನು ತಕಂಡವಳು ನಾನು. ನೀ ಪುಸ್ತಕ ತಕಂಡವಳು."

ಪೇಟೆಯಲ್ಲಿ ಕೆಂಪು ಕಿವಿರೆಂದರೆ ತಾಜಾ ಮೀನು. ಮೇಲೆ ಬಂದು ಏದುಸಿರು ಬಿಡುವ ಮೀನಿನಲ್ಲಿ ಅಷ್ಟು ಕೆಂಪಿದ್ದರೆ, ನೀರೇ ಅದನ್ನು ಸುಡುತ್ತಿರಬಹುದು. ಇದನ್ನು ನಾನು ಮೂರು ಸಲ ವಿವರಿಸಿದೆ. ಸತ್ತ ಮೂರರ ಕಿವಿರೂ ಹೀಗೇ ಚೆಂದ ಇದ್ದವು ಎಂದು ಅತ್ತೆ ಹೆಮ್ಮೆಯಿಂದ ಸೇರಿಸಿದರು.

ಎಸ್‌ಟಿಡಿ ಬೂತಿನಿಂದ ಗೆಳತಿಗೆ ಫೋನು ಮಾಡಿ, ಮರುದಿನ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಕಾರವಾರದ ಅವಳ ಕಾಲೇಜಿಗೆ ಹೋದೆ. ಪ್ರಯೋಗಾಲಯದಲ್ಲಿ ಕೆಲವು ಹನಿ ದ್ರಾವಣ ಬಿದ್ದೊಡನೆ ನೀರು ಕಡು ಹಳದಿಯಾಯಿತು. ಅಮೋನಿಯಾ, ನೀರಿನಲ್ಲಿ ಏನಾದರೂ ಕೊಳೆತಾಗ ಹುಟ್ಟುವ ವಿಷ. ಮನೆಗೆ ಬಂದು ತೊಟ್ಟಿಯ ತಳದ ಕಲ್ಲು ಕದಡಿದರೆ, ಕೊಳೆತ ಹಿಟ್ಟಿನಂಥದೇನೋ ಮೇಲೆದ್ದು ನಾರಿತು.

"ಎಂತ ಹಾಕ್ತಿದ್ದೆ ಅತ್ತೆ ಇದಕ್ಕೆ?"

"ಒಣ ಸಿಗಡಿ ಪುಡಿ. ಮೂರು ಹೊತ್ತೂ. ಅಂಗಡಿ ಕಾಳು ತಿಂದ್ರೆ ಮೈ ಹಿಡೀತದಾ?"

"ಅಷ್ಟೂ ತಿನ್ನೂದಿಲ್ಲಲ್ಲ ಅದು."

"ಇವತ್ತು ಬಿಟ್ರೆ ನಾಳೆ ತಿನ್ತದೆ."

ಮೂರು ದಿನ ಏನೂ ಹಾಕಬಾರದು, ದಿನವೂ ಮೂರನೆಯ ಒಂದು ಪಾಲು ನೀರು ಬದಲಿಸಬೇಕು ಎಂದೆ. ಅತ್ತೆ ಅಪ್ಪನ ಕಡೆ ತಿರುಗಿದರು. "ಕೇಳಿದ್ಯಾ? ಮೀನಿಗೆ ಉಪಾಸವಂತೆ. ನಾಳೆ ನಿಂಗೂ ಇದೇ ಔಷಧ ಮಾಡ್ತಾಳೆ."

ಅಪ್ಪ ತೊಟ್ಟಿಯಿಂದ ಕಣ್ಣು ತೆಗೆಯದೆ ಹೇಳಿದರು: "ಅಕ್ಕಾ, ಆ ಪುಡಿ ಡಬ್ಬಿ ಅವಳ ಕೈಗೆ ಕೊಡು."

ಅವರು ಅಕ್ಕನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅತ್ತೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು, ನನ್ನ ಕೈಗೆ ಕೊಡಲಿಲ್ಲ. ನಾಲ್ಕನೆಯ ದಿನ ಊರಿಗೆ ಹೊರಟರು. ಬಸ್ ನಿಲ್ದಾಣದ ತನಕ ಅವರ ಚೀಲ ಹೊತ್ತದ್ದು ನಾನೇ. ಬಸ್ಸು ಹತ್ತುವಾಗ ಮೆಲ್ಲಗೆ ಕೇಳಿದರು, "ಉಳೀತದಾ ಅದು?"

ಬೆಳಿಗ್ಗೆಯೇ ಅದು ಕೆಳಗಿಳಿದು ಈಜತೊಡಗಿದ್ದನ್ನು ನೋಡಿದ್ದೆ. ಅಪ್ಪ ಎರಡು ದೋಸೆ ಪೂರ್ತಿ ತಿಂದಿದ್ದರು.

"ನೋಡ್ಬೇಕು ಅತ್ತೆ" ಎಂದಷ್ಟೇ ಹೇಳಿ, ಚೀಲವನ್ನು ಕಿಟಕಿಯೊಳಗೆ ತೂರಿಸಿದೆ.