ನಕ್ಷತ್ರ ನೋಡೋವಾಗ ಬಾಯಿ ಮುಚ್ಚಿದ್ದು

ಟ್ರಂಕಿನಲ್ಲಿ ಮಗಳ ಹೈಸ್ಕೂಲು ಕಾಲದ ಕ್ಯಾಸೆಟ್ ಸಿಕ್ತು. ಅದು ರೆಕಾರ್ಡ್ ಆದ ಸಂಜೆ ನಕ್ಷತ್ರವೊಂದು ಚಂದ್ರನ ಅಂಚು ಸವರಿಕೊಂಡು, ಅಲ್ಲಿಯ ಗುಡ್ಡಗಳ ಹಿಂದೆ ಮರೆಯಾಗಿ ಮತ್ತೆ ಕಾಣುತ್ತೆ ಅಂತ ಅವಳ ಸ್ಕೂಲಿನ ವಿಜ್ಞಾನದ ಗುಂಪಿನವರು ಆಲ್ಕೊಳದಿಂದ ಭದ್ರಾವತಿವರೆಗೆ ಒಂದೊಂದು ಕಡೆ ಒಬ್ಬೊಬ್ಬರಂತೆ ಸಾಲಾಗಿ ನಿಂತಿದ್ದರು. ನಮ್ಮ ತಾರಸಿ ಇವಳ ಪಾಲಿಗೆ. ಸೆಕೆಂಡಿಗೊಮ್ಮೆ ಟಿಕ್ ಅನ್ನೋ ರೇಡಿಯೋ ಪಕ್ಕ ಟೇಪ್ ರೆಕಾರ್ಡರ್ ಇಟ್ಟು, ನಕ್ಷತ್ರ ಮರೆಯಾದ, ಕಂಡ ಹೊತ್ತು ಸರಿಯಾಗಿ ಸಿಗಲಿ ಅಂತ "ಹೋಯ್ತು", "ಬಂತು" ಅಂತ ಕೂಗಬೇಕು.

"ಅಮ್ಮಾ, ಐದು ನಿಮಿಷ ಬಾಯಿ ಮುಚ್ಕೊಂಡಿರು."

ಒಂದು ಸಲ ಕೂಗಿದಳು. ಅಷ್ಟರಲ್ಲಿ ರೆಪ್ಪೆ ಬಡಿಯದೆ ನೋಡಿ ನೋಡಿ ಕಣ್ಣಲ್ಲಿ ನೀರು ತುಂಬಿ ಏನೂ ಕಾಣದೆ, ನನ್ನ ತಲೆ ಹಿಡಿದು ದುರ್ಬೀನಿಗೆ ಒತ್ತಿದಳು.

"ಅಯ್ಯೋ ಹೋಯ್ತಲ್ಲೇ ಮಾರಾಯ್ತಿ! ತಡಿ, ಬಂತು!"

ಆಮೇಲೆ ಕ್ಯಾಸೆಟ್ ಕೇಳಿ ಅವರ ಸರ್ ನನ್ನ ಕೂಗಿನ ಹೊತ್ತನ್ನೂ ಬರೆದುಕೊಂಡರು.

ಈಗ ಹಾಕಿ ಕೇಳಿದೆ. ನನ್ನ ಕೂಗಾದ ಮೇಲೆ ಕ್ಯಾಸೆಟ್ ಮುಗಿಯೋವರೆಗೂ ಬರೀ ಟಿಕ್ ಟಿಕ್. ಅಷ್ಟು ಹೊತ್ತು ನಾನು ಸುಮ್ಮನಿದ್ದೆ ಅಂದ್ರೆ ನನಗೇ ನಂಬಿಕೆ ಬರ್ತಿಲ್ಲ.