ಲೋಪಸಂಧಿಯ ಗೂಟ

ನಮ್ಮ ಮನೆಯಲ್ಲಿ ‘ಗೂಟ’ ಎಂದರೆ ದನ ಕಟ್ಟುವುದಲ್ಲ. ಟಿ.ವಿ.ಗೆ ಸಿಕ್ಕಿಸಿ ಇಬ್ಬರು ಅಕ್ಕಪಕ್ಕ ಕುಳಿತು ಆಡುವ ಉದ್ದನೆಯ ಕರಿಯ ಪೆಟ್ಟಿಗೆಯೊಂದಿದೆ. ಅದರ ಎಡಕ್ಕೊಂದು, ಬಲಕ್ಕೊಂದು ನಿಂತಿರುವ ಕೆಂಪು ಗುಂಡುತಲೆಯ ಹಿಡಿಕೆಗಳಿಗೆ ಆ ಹೆಸರು. ಇಟ್ಟವರು ನನ್ನ ಅಕ್ಕನ ಗಂಡ, ಗೆಂಡೆಹಳ್ಳಿಯ ಭಾವ. ಜಾಯ್‌ಸ್ಟಿಕ್ ಎಂಬುದಕ್ಕೆ ನಾನು ‘ಕ್ರೀಡಾದಂಡ’ ಎಂಬ ನಿರ್ದುಷ್ಟವಾದ ಪದವನ್ನು ಸೂಚಿಸಿದ್ದೆ. ಭಾವ ಅದನ್ನೊಮ್ಮೆ ಉಚ್ಚರಿಸಲು ಯತ್ನಿಸಿ, ನೀರು ಕುಡಿದು, “ಗೂಟ ಅನ್ನಿ ಮೇಷ್ಟ್ರೆ. ಬಾಯಿಗೂ ಸಲೀಸು, ಕೈಗೂ ಸಲೀಸು,” ಎಂದರು. ಅಂದಿನಿಂದ ನನ್ನ ವೃದ್ಧ ತಾಯಿಗೂ ಅದು ಗೂಟವೇ.

ಹಳೇಬೀಡಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಸ್ವಯಂನಿವೃತ್ತಿ ಪಡೆದು ಅರಸೀಕೆರೆಯ ಮನೆಗೆ ಮರಳಿದ ಮೇಲೆ ಈ ಪೆಟ್ಟಿಗೆಯನ್ನು ತರಿಸಿದೆ. ಕಾಲೇಜಿನ ದಿನಗಳಲ್ಲಿ ರೈಲು ನಿಲ್ದಾಣದ ಹತ್ತಿರದ ವಿಡಿಯೋ ಗೇಮ್ ಅಂಗಡಿಯಲ್ಲಿ ನಾನೂ ಭಾವನೂ ಗುದ್ದಾಟದ ಆಟ ಆಡುತ್ತಿದ್ದೆವು. ಆಗ ಅವರಿನ್ನೂ ಭಾವನಾಗಿರಲಿಲ್ಲ, ಆದರೂ ಗೆಲ್ಲುತ್ತಿದ್ದರು. ಈಗ ಮಾಲೇಕಲ್ಲಿನ ಬೆಟ್ಟದ ದೇವರಿಗೆ ಹರಕೆಗೆಂದು ಬಂದಾಗಲೆಲ್ಲ ಅಕ್ಕನೊಡನೆ ನಮ್ಮಲ್ಲಿ ತಂಗುತ್ತಾರೆ, ಆಡುತ್ತಾರೆ, ಗೆಲ್ಲುತ್ತಾರೆ. ದೇವರಿಗೆ ಕೈಮುಗಿದ ಪುಣ್ಯವನ್ನು ಬೆಟ್ಟ ಇಳಿದ ಕೂಡಲೇ ನನ್ನ ಮೇಲೆ ಖರ್ಚು ಮಾಡುವುದು ಅವರ ಪದ್ಧತಿ.

ನನ್ನ ಪದ್ಧತಿಯೂ ಒಂದಿದೆ. ಅವರು ‘ಐತೆ’ ಎಂದಾಗ ನಾನು ‘ಇದೆ’ ಎನ್ನುತ್ತೇನೆ. ಅವರು ‘ಬತ್ತೀನಿ’ ಎಂದಾಗ ‘ಬರುತ್ತೇನೆ’ ಎನ್ನುತ್ತೇನೆ. ಇದರಲ್ಲಿ ದ್ವೇಷವಿಲ್ಲ. ಎದುರಿನವರ ಅಂಗಿಗೆ ಹುಲ್ಲುಕಡ್ಡಿ ಅಂಟಿದ್ದರೆ ತೆಗೆದುಹಾಕುವುದಿಲ್ಲವೆ?

ನನ್ನ ಸೋಲಿಗೆ ಕಾರಣ ಎಡಗೂಟ. ಆಟದಲ್ಲಿ ನಮ್ಮ ಆಳು ಅಂಗೈಯಿಂದ ಬೆಂಕಿಯುಂಡೆ ಎಸೆಯಬೇಕಾದರೆ ಹಿಡಿಕೆಯನ್ನು ಕೆಳಕ್ಕೆ, ಅಲ್ಲಿಂದ ಓರೆಯಾಗಿ ಕೆಳಮೂಲೆಗೆ, ಅಲ್ಲಿಂದ ಮುಂದಕ್ಕೆ ತಿರುಗಿಸಿ ಗುಂಡಿ ಒತ್ತಬೇಕು. ಅಷ್ಟದಿಕ್ಕುಗಳಿಗೂ ಒಬ್ಬೊಬ್ಬ ಪಾಲಕನನ್ನು ಕೆತ್ತಿದ ಹಳೇಬೀಡಿನ ಚಾವಣಿಯನ್ನು ವರ್ಷವೂ ಮಕ್ಕಳಿಗೆ ತೋರಿಸಿದವನು ನಾನು. ಈ ಪೆಟ್ಟಿಗೆ ಮಾಡಿದವರಾದರೋ ಹಿಡಿಕೆಯ ಬುಡದಲ್ಲಿ ನಾಲ್ಕೇ ಸ್ವಿಚ್ಚುಗಳನ್ನಿಟ್ಟು, ಮೂಲೆಗಳ ಕೆಲಸವನ್ನೂ ಅವಕ್ಕೇ ಹಂಚಿದ್ದಾರೆ. ಓರೆ ಆಗಬೇಕಾದರೆ ಹಿಡಿಕೆ ಎರಡು ಸ್ವಿಚ್ಚುಗಳನ್ನು ಒಟ್ಟಿಗೆ ಅದುಮಬೇಕು, ಅದು ಸಂಧಿ. ನನ್ನ ಅಗ್ಗದ ಎಡಗೂಟದಲ್ಲಿ ಎರಡು ಸೇರುವಾಗ ಒಂದು ಬಿಟ್ಟುಹೋಗುತ್ತಿತ್ತು, ಅದು ಲೋಪಸಂಧಿ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದರೆ ಭಾಷೆಗೆ ಸೊಗಸು. ‘ಕೆಳಗೆ’ ಮತ್ತು ‘ಮುಂದೆ’ ಸೇರಿ ಬರೀ ‘ಮುಂದೆ’ ಆದರೆ ಆಳು ಬರಿಗೈ ಚಾಚಿಕೊಂಡು ಹೋಗಿ ಹೊಡೆಸಿಕೊಳ್ಳುತ್ತಾನೆ.

ಬಲಗೂಟ ಸರಿಯಿತ್ತು. ಆದರೆ ಗಟ್ಟಿಯಾದ ಕುರ್ಚಿ, ಕೆನೆಮೊಸರು, ಹೊಸ ಹೊದಿಕೆ, ಹೀಗೆ ಒಳ್ಳೆಯದೆಲ್ಲ ಅಳಿಯನಿಗೆ ಎಂಬುದು ಅಮ್ಮನ ಕಾಯಿದೆ. ಅದೇ ಕಾಯಿದೆಯ ಪ್ರಕಾರ ಬಲಗೂಟವೂ ಭಾವನದೇ.

“ನಿಮ್ ಕೈಯಾಗೆ ಬೆಂಕಿ ಬರಲ್ಲ ಮೇಷ್ಟ್ರೆ, ಬಾಯಾಗ್ ಮಾತ್ರ ಬತ್ತದೆ,” ಎಂದರು ಭಾವ, ಕಳೆದ ಸಲ ಗೆದ್ದು ಮೀಸೆ ಒರೆಸಿಕೊಳ್ಳುತ್ತ.

“ಗೂಟ ಕೆಟ್ಟಿದೆ!” ಎಂದೆ. ಸಿಟ್ಟಿನಲ್ಲಿ ಕ್ರೀಡಾದಂಡ ನನಗೂ ಒದಗಲಿಲ್ಲ.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಆಯ್ತು, ಒಂದ್ ಕೆಲ್ಸ ಮಾಡಿ. ಹೊಸಾ ಗೂಟ ಹಾಕಿ. ಮುಂದ್ಲ ಸಲ ಬಂದಾಗ ಒಂದೇ ಆಟ. ನೀವ್ ಗೆದ್ರೆ ನಾನು ಸಾಯೋಗಂಟ ‘ಐತೆ’ ಅನ್ನಲ್ಲ. ಸೋತ್ರೆ ನೀವು ಇನ್ಮೇಲೆ ಯಾರ್ ಮಾತ್ನೂ ತಿದ್ದಂಗಿಲ್ಲ.”

ಅಡುಗೆಮನೆಯಿಂದ ಅಕ್ಕ ಕೂಗಿದಳು: “ಒಪ್ಕೊಳ್ಳೋ, ಒಪ್ಕೊ! ನೀನ್ ಸೋತ್ರೆ ನಮ್ಗೆಲ್ಲ ಪುಣ್ಯ ಕಣೋ!”

ನಾನು ಷರತ್ತನ್ನು ಶುದ್ಧೀಕರಿಸಿ ಪುನರುಚ್ಚರಿಸಿದೆ: “ಯಾರ ಮಾತನ್ನೂ ತಿದ್ದತಕ್ಕದ್ದಲ್ಲ.”

“ಅದೇ. ತಕ್ಕದ್ದಲ್ಲ,” ಎಂದರು ಭಾವ.

ಹೊಸ ಹಿಡಿಕೆಯನ್ನು ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ಯಂತ್ರ ಕನ್ನಡಿಸಿದ ಪುಟದಲ್ಲಿ ಅದರ ಹೆಸರು ‘ಸಂತೋಷ ಕೋಲು’ ಎಂದಿತ್ತು. ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟುಹಾಕಿದ ಅರಿಸಮಾಸ; ಅರ್ಥವಂತೂ ದೇವರಿಗೇ ಪ್ರೀತಿ. ಆದರೂ ತರಿಸಿದೆ. ಬಂದ ವಸ್ತು ಹೆಸರಿನಷ್ಟು ಕೆಟ್ಟದಾಗಿರಲಿಲ್ಲ. ಉಕ್ಕಿನ ದಂಡ ಬಸ್ತಿಹಳ್ಳಿಯ ಬಸದಿಯ ಕಂಬದಂತೆ ನುಣುಪಾಗಿ, ಮುಖ ಕಾಣುವಂತಿತ್ತು.

ಪೆಟ್ಟಿಗೆಯನ್ನು ಬೋರಲು ಮಲಗಿಸಿ ತಳದ ತಗಡನ್ನು ಬಿಚ್ಚಿದೆ. ದಂಡದ ಬುಡದಲ್ಲಿರುವ ಗೀರಿಗೆ ಸ್ಕ್ರೂಡ್ರೈವರ್ ಊರಿ ಹಿಡಿದು ಇನ್ನೊಂದು ತುದಿಯ ಗುಂಡನ್ನು ತಿರುಗಿಸಿದರೆ ಗೂಟದ ತಲೆ ಕಳಚುತ್ತದೆ. ಉಳಿದದ್ದು ಒಳಗಿನಿಂದ ಹೊರಬರುತ್ತದೆ. ಸ್ವಿಚ್ಚುಗಳ ವೈರುಗಳನ್ನು ಕೀಳುವ ಮೊದಲು ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆ. ಸಾಮಾನ್ಯರು ‘ಮೇಲೆ’, ‘ಕೆಳಗೆ’ ಎಂದು ಬರೆಯುತ್ತಿದ್ದರು. ಆದರೆ ಬೋರಲು ಬಿದ್ದ ಪೆಟ್ಟಿಗೆಗೆ ಮೇಲು ಯಾವುದು, ಕೆಳಗು ಯಾವುದು? ದಿಕ್ಕುಗಳಾದರೆ ಸ್ಥಿರ. ಆದಕಾರಣ ಮೂಡಣ, ಪಡುವಣ, ತೆಂಕಣ, ಬಡಗಣ ಎಂದು ಅಚ್ಚಗನ್ನಡದಲ್ಲಿ, ದುಂಡಾಗಿ ಬರೆದೆ.

ಹೊಸ ದಂಡದ ತಟ್ಟೆಯ ತೂತುಗಳು ಪೆಟ್ಟಿಗೆಯ ತೂತುಗಳಿಗೆ ಹೊಂದಲಿಲ್ಲ. ಬೆಳಕು ಸಾಲದೆಂದು ಎಲ್ಲವನ್ನೂ ಜಗಲಿಗೆ ಒಯ್ದು, ಅರದಿಂದ ಉಜ್ಜಿ ಹಿಗ್ಗಿಸಿ, ತಿರುಪು ಬಿಗಿದೆ. ಮೂಡಣದ ವೈರನ್ನು ಮೂಡಣಕ್ಕೆ, ಪಡುವಣದ್ದನ್ನು ಪಡುವಣಕ್ಕೆ, ಉಳಿದೆರಡನ್ನೂ ಅವುಗಳ ದಿಕ್ಕಿಗೇ ಸಿಕ್ಕಿಸಿದೆ. ಪೆಟ್ಟಿಗೆಯನ್ನು ಒಳಗೆ ತಂದು ಟಿ.ವಿ. ಹಚ್ಚಿದೆ. ನೆಗೆಯೆಂದರೆ ಆಳು ಕುಕ್ಕರಿಸಿದ. ನುಗ್ಗೆಂದರೆ ಹಿಂದಕ್ಕೆ ಸರಿದ.

ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿ ನೋಡಿದರು. “ಯಾಕೋ, ನಿನ್ ಆಳು ಹೆದ್ರಿ ಹಿಂದಕ್ ಹೋಯ್ತಾ ಅವ್ನೆ?”

“ಅಮ್ಮ, ದಿಕ್ಕುಗಳೆಲ್ಲ ಸರಿಯಾಗಿವೆ. ಹೀಗಾಗಲು ಸಾಧ್ಯವೇ ಇಲ್ಲ.”

“ಒಳಗೆ ಬಿಚ್ದಾಗ ಈ ಪೆಟ್ಟಿಗೆ ಮೂತಿ ಬಾಗ್ಲ ಕಡೆ ಇತ್ತು. ಜಗ್ಲೀಲಿ ಗೋಡೆ ಕಡೆ ಇಟ್ಕಂಡೆ. ಮೂಡ್ಲು ಎಲ್ಲೂ ಹೋಗಿಲ್ಲ ಕಣೋ, ಪೆಟ್ಟಿಗೆ ತಿರುಗೈತೆ.”

“ತಿರುಗಿದೆ,” ಎಂದೆ.

“ತಿದ್ಕೊ, ತಿದ್ಕೊ. ಅಳಿಯಂದ್ರು ಬರೋವರ್ಗೂ ತಿದ್ಕೊ,” ಎಂದು ಅಮ್ಮ ಮತ್ತೆ ಅವರೆಕಾಯಿಗೆ ಕೈಹಾಕಿದರು.

ಅಡ್ಡಿಯಿಲ್ಲ. ವೈರುಗಳನ್ನು ಅದಲುಬದಲು ಮಾಡಿದ ಮೇಲೆ ನನ್ನ ಆಳು ಕರೆದಾಗಲೆಲ್ಲ ಬೆಂಕಿಯುಂಡೆ ಎಸೆದ. ಸಂಧಿ ಪೂರ್ಣ, ಲೋಪವಿಲ್ಲ. ‘ಐತೆ’ ಇಲ್ಲದ ಭಾವನನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡೆ. ಅವರು ಬರುವವರೆಗೂ ದಿನವೂ ಅಭ್ಯಾಸ ಮಾಡಿದೆ, ಎಡಗಡೆಯಲ್ಲೇ.

ಭಾವ ಬಂದರು, ಕೋಡುಬಳೆ ತಿಂದರು, ಕೈ ಒರೆಸಿಕೊಂಡು ಪೆಟ್ಟಿಗೆಯ ಬಲಕ್ಕೆ ಬಂದರು. ನಾನು ಎಡಕ್ಕೆ ಕುಳಿತಾಗಿತ್ತು. ಆಗ ಅಮ್ಮ ಒಳಗಿನಿಂದ ಬಂದು ನಿಂತರು.

“ಏನೋ ಇದು? ಹೊಸಾದ್ ನೀನ್ ಇಟ್ಕಂಡು ಅಳಿಯಂದ್ರನ್ನ ಹಳೇ ಗೂಟಕ್ಕೆ ಕೂರುಸ್ತೀಯ?”

“ಅಮ್ಮ, ಇದನ್ನು ಹಾಕಿದವನು ನಾನು!”

“ಯಾರ್ ಇಲ್ಲ ಅಂದ್ರು? ಕೋಡುಬಳೆ ಮಾಡ್ದೋಳು ನಾನು. ಮೊದ್ಲು ಹಾಕಿದ್ದು ಯಾರ್ ತಟ್ಟೆಗೆ? ಏಳು ಮೇಲೆ.”

“ಬ್ಯಾಡ ಬಿಡಿ ಅತ್ತೆ, ನಂಗೆ ಯಾವ್ದಾದ್ರೂ ಆಯ್ತದೆ,” ಎಂದರು ಭಾವ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಜಾಗದಲ್ಲಿ ಕುಳಿತಿದ್ದರು.

ಆಟದ ವಿವರ ಬೇಡ. ಎಡಗಡೆಯಿಂದ ಎಂದೂ ಬಾರದಿದ್ದ ಬೆಂಕಿಯುಂಡೆಗಳು ಅಂದು ಒಂದರ ಹಿಂದೊಂದು ಬಂದವು. ನಾನು ಅಳೆದು, ಅರ ಉಜ್ಜಿ, ದಿಕ್ಕು ತಿದ್ದಿ ಕೂರಿಸಿದ ದಂಡ ಒಮ್ಮೆಯೂ ತಪ್ಪಲಿಲ್ಲ. ಹಳೆಯ ಎಡಗೂಟ ಕೆಟ್ಟಿತ್ತೆಂಬ ನನ್ನ ವಾದ ಸಂಶಯಾತೀತವಾಗಿ ಸಾಬೀತಾಯಿತು, ನನ್ನದೇ ಆಳಿನ ಮೈಮೇಲೆ. ಬಲಗೂಟದಿಂದ ನಾನೂ ಬೆಂಕಿ ಎಸೆದೆ. ಅದು ಹೋಗುವ ವೇಳೆಗೆ ಭಾವನ ಆಳು ಅಲ್ಲಿರುತ್ತಿರಲಿಲ್ಲ.

“ಗೆಲುವು ಯಾರ್ದೈತೆ ಮೇಷ್ಟ್ರೆ?”

ಅಕ್ಕ ಸೌಟು ಹಿಡಿದು ಬಾಗಿಲಿಗೆ ಬಂದಳು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಎಲ್ಲರೂ ನನ್ನ ತುಟಿಯನ್ನೇ ನೋಡುತ್ತಿದ್ದರು.

“ನಿಮ್ಮದು,” ಎಂದೆ. ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ಣವಾಗುವ ಭಾಷೆಯಲ್ಲಿ ಹುಟ್ಟಿದ್ದಕ್ಕೆ ಅಂದು ಕೃತಜ್ಞನಾದೆ.

ಉಳಿದ ಹೊತ್ತೆಲ್ಲ ಅವರು ಬೇಕೆಂದೇ ಮಾತಾಡಿದರು. ಐತೆ, ಬತ್ತದೆ, ಹೋಯ್ತದೆ. ನಾನು ಕೋಡುಬಳೆ ಕಡಿದೆ. ಮರುದಿನ ಹೊಸ್ತಿಲಲ್ಲಿ ನಿಂತು “ಬತ್ತೀನಿ” ಎಂದು ಕಾದರು. “ಹೋಗಿಬನ್ನಿ,” ಎಂದೆ.

ಊರು ಮುಟ್ಟಿದ ಮೇಲೆ ಭಾವನಿಂದ ಮೊಬೈಲಿಗೆ ಸಂದೇಶ ಬಂತು: “ಕ್ಶೇಮವಾಗಿ ತಲುಪಿದೇವೆ. ಕೋಡಬಳೆ ಚನ್ನಾಗಿತ್ತು.” ಓದಿದೆ. ಷರತ್ತಿನಲ್ಲಿದ್ದ ಪದವನ್ನು ನೆನಪಿಸಿಕೊಂಡೆ. ಮಾತು ಎಂದಿತ್ತು, ಬರಹ ಎಂದಿರಲಿಲ್ಲ. “ಕ್ಷೇಮವಾಗಿ ತಲುಪಿದ್ದೇವೆ. ಕೋಡುಬಳೆ ಚೆನ್ನಾಗಿತ್ತು,” ಎಂದು ತಿದ್ದಿ ಹಿಂದಿರುಗಿಸಿದೆ. ಆ ರಾತ್ರಿ ಊಟ ರುಚಿಸಿತು.

ಬೆಳಗ್ಗೆ ಉತ್ತರ ಬಂದಿತ್ತು, ಭಾವನ ಧ್ವನಿಯಲ್ಲೇ: “ಮೇಷ್ಟ್ರೆ, ಇನ್ಮೇಲೆ ನಿಮ್ಗೆ ಬರ್ಯಾಕಿಲ್ಲ, ಮಾತೇ ಆಡಿ ಕಳುಸ್ತೀನಿ. ಹೊಸಾ ಗೂಟ ಬಲು ಚೆಂದಾಗೈತೆ. ಬಲಗಡೇದು ಒಸಿ ಸಡ್ಲ ಐತೆ, ನೋಡ್ಕಳಿ. ಐತೆ, ಐತೆ, ಐತೆ.”

ಅಮ್ಮ ಅದನ್ನು ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು.