ಅಣ್ಣನ ಮೈಕು, ತಮ್ಮನ ಮೈಕು

ಮೈಕ್ ಇಡುವುದೂ ಒಂದು ಪಂಚಾಯ್ತಿ ಕಣ್ರೋ! ಇವತ್ತು ನಮ್ಮ ಅರಸೀಕೆರೆ ಸ್ಟುಡಿಯೋಗೆ ಹಳೇಬೀಡಿನ ಬ್ಯಾಂಡ್‌ಸೆಟ್ ಅಣ್ಣತಮ್ಮಂದಿರು ಬಂದಿದ್ದರು. ತಮ್ಮ ರಂಗನ ದೊಡ್ಡ ಡ್ರಮ್ಮಿಗೆ ಮೈಕನ್ನು ಹತ್ತಿರ ಇಟ್ಟೆ. ಅಣ್ಣ ಸಿದ್ದಣ್ಣನವರ ಸಣ್ಣ ಡ್ರಮ್ಮಿನದು ಚುರುಕು ಸದ್ದು, ಅದಕ್ಕೆ ಸ್ವಲ್ಪ ದೂರ ಇಟ್ಟೆ. ಸಿದ್ದಣ್ಣನವರು ಡ್ರಮ್ ಬಾರಿಸುವ ಕಡ್ಡಿ ಕೆಳಗಿಟ್ಟರು.

“ತಮ್ಮಂಗೆ ಹತ್ರ, ಅಣ್ಣಂಗೆ ದೂರಾನಾ? ಇದ್ಯಾವ ಮರ್ಯಾದೆ?”

“ನಿಮ್ಮ ಏಟು ಜೋರು ಕಣಣ್ಣ, ಹತ್ರ ಇಟ್ರೆ ಮೈಕ್ ತಡೆಯಲ್ಲ” ಎಂದೆ.

ಎದೆಯುಬ್ಬಿಸಿ, ತಾವೇ ಮೈಕನ್ನು ಇನ್ನೂ ಹಿಂದಕ್ಕೆ ತಳ್ಳಿದರು. ಈಗ ರಂಗನಿಗೆ ಸಿಟ್ಟು. “ಯಾಕೆ, ನನ್ ಕೈಲೇನು ಕಸುವಿಲ್ವಾ?” ಎಂದು ತನ್ನ ಮೈಕನ್ನೂ ಎತ್ತಿ ಗೋಡೆ ಪಕ್ಕಕ್ಕಿಟ್ಟ.

ಹಾಗೇ ರೆಕಾರ್ಡ್ ಮಾಡಿದೆ. ಇಡೀ ಕೋಣೆ ಗುಡುಗಿದ ಹಾಗೆ ಬಂದಿದೆ! ಇಂಥ ಡ್ರಮ್ ಸದ್ದು ನಮ್ಮಲ್ಲಿ ಹಿಂದೆಂದೂ ಬಂದಿರಲಿಲ್ಲ. ಮೈಕ್ ಇಟ್ಟವರು ಯಾರೆಂದು ಕೇಳಿದವರಿಗೆಲ್ಲ ನನ್ನ ಹೆಸರೇ ಹೇಳುತ್ತಿದ್ದೇನೆ.